ಅಡವಿಯಪ್ಪನವರ ಲೂಗರ್, ಸಿದ್ದಗಂಗಮ್ಮನವರ ಹುಣಸೆಹಣ್ಣು

ಈಗ ಆ ಮನೆಯಲ್ಲಿ ಬೈಯುವವರಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಅಡವಿಯಪ್ಪನವರು ಹೋದ ಮೇಲೆ ಸಿದ್ದಗಂಗಮ್ಮನವರಿಗೆ ಆ ಮೌನವೇ ದೊಡ್ಡ ಹಿಂಸೆ. ಬದುಕಿದ್ದಾಗ ಅವರ ಬಾಯಿ ಅಷ್ಟಿಷ್ಟು ಜೋರಲ್ಲ. ಸುಟ್ಟ ಪಂಪ್‌ಸೆಟ್ ಹೊತ್ತು ತಂದ ರೈತನಿಗೆ ಮೊದಲು ಬೈಗುಳ, ಆಮೇಲೆ ಟೀ, ಕೊನೆಗೆ ರಿಪೇರಿ. ಮನೆಯಲ್ಲೂ ಅದೇ ಕ್ರಮ, ಟೀ ಮಾತ್ರ ಹೆಂಡತಿಯೇ ಮಾಡಬೇಕಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ಬೈಗುಳ, ಕಡಿಮೆಯಾದರೂ ಬೈಗುಳ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾ ಆಕೆ ನಲವತ್ತು ವರ್ಷ ಸಂಸಾರ ಮಾಡಿದರು.

ಅಂಥ ಮನುಷ್ಯ ದನಿ ಇಳಿಸಿ, ನಯವಾಗಿ ಮಾತಾಡುತ್ತಿದ್ದದ್ದು ಒಂದೇ ಒಂದು ವಸ್ತುವಿನ ಮುಂದೆ. ಬೀರುವಿನೊಳಗಿನ ಮರದ ಪೆಟ್ಟಿಗೆಯಲ್ಲಿ, ಹಳೆಯ ಪಂಚೆಯ ತುಂಡು ಹೊದ್ದು ಮಲಗಿದ್ದ ಜರ್ಮನಿಯ ಪಿಸ್ತೂಲು. ಅದರ ಹೆಸರು ಲೂಗರ್. ಅಡವಿಯಪ್ಪನವರ ತಾತ ಕುಣಿಗಲ್ಲಿನಲ್ಲಿ ಕುದುರೆ ಮರಿ ಪಳಗಿಸಿಕೊಂಡಿದ್ದವರು, ಮಹಾರಾಜರ ಕುದುರೆ ದಳ ಸೇರಿ, ಮೊದಲ ಮಹಾಯುದ್ಧದಲ್ಲಿ ಹಡಗು ಹತ್ತಿ ಪ್ಯಾಲೆಸ್ಟೈನಿಗೆ ಹೋದರು. ವಾಪಸು ಬರುವಾಗ ತೊಡೆಯಲ್ಲೊಂದು ಗಾಯ, ಚೀಲದಲ್ಲಿ ಯಾವನೋ ಜರ್ಮನ್ ಅಧಿಕಾರಿಯ ಈ ಪಿಸ್ತೂಲು. ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಲೈಸೆನ್ಸ್ ಸಮೇತ ಇಳಿದು ಬಂತು. ಗುಬ್ಬಿಯಲ್ಲಿ ಅದು ಒಂದು ಕಾಗೆಯನ್ನೂ ಹೆದರಿಸಿದ್ದಿಲ್ಲ, ಮನೆಯಲ್ಲಿ ಗುಂಡೇ ಇರಲಿಲ್ಲ.

ಗುಂಡಿಲ್ಲದ ಪಿಸ್ತೂಲಿಗೆ ಇಷ್ಟು ಪ್ರೀತಿಯೇ ಅಂತ ನಗುವವರು ತಿಂಗಳಿಗೊಂದು ಭಾನುವಾರ ಆ ಮನೆಗೆ ಹೋಗಬೇಕಿತ್ತು. ಕುಣಿಗಲ್ಲಿನಿಂದ ಲಕ್ಷ್ಮೀನರಸಿಂಹಯ್ಯನವರು ಬರುತ್ತಿದ್ದರು, ರಿಟೈರ್ ಆದ ಕುದುರೆ ಡಾಕ್ಟರು. ತುಮಕೂರಿನಿಂದ ವಕೀಲ ಪರಮಶಿವಯ್ಯನವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ಇಬ್ಬರಿಗೂ ಹಳೆಯ ಬಂದೂಕುಗಳ ಹುಚ್ಚು, ಅದರಲ್ಲೂ ಲೂಗರ್ ಅಂದರೆ ಪ್ರಾಣ. ಇಡ್ಲಿ ತಿಂದು, ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಮೇಜಿನ ಮೇಲೆ ಪೇಪರ್ ಹಾಸಿ ಕೂರುತ್ತಿದ್ದರು. ಎಳೆದರೆ ಮೊಣಕಾಲು ಮಡಚಿದ ಹಾಗೆ ಮಡಚಿ ಮೇಲೇಳುವ ಅದರ ಕೀಲು, ಬಿಡಿ ಭಾಗಗಳ ಮೇಲೆಲ್ಲ ಕೊರೆದಿದ್ದ ಒಂದೇ ನಂಬರು, ಕಪ್ಪಿನೊಳಗಿನ ನೀಲಿ, ಸಣ್ಣ ಭಾಗಗಳ ರಾಗಿ ಹುಲ್ಲಿನ ಬಣ್ಣ. ನೋಡಿದ್ದನ್ನೇ ನೋಡುವುದು, ಹೇಳಿದ್ದನ್ನೇ ಹೇಳುವುದು.

“ಬೆಂಕಿಲಿ ಕಾಯ್ಸಿ ತರ್ಸಿದ ಬಣ್ಣ ಕಣ್ರಪ್ಪ ಇದು,” ಅನ್ನುತ್ತಿದ್ದರು ಅಡವಿಯಪ್ಪನವರು, ಅಡುಗೆಮನೆಗೆ ಕೇಳದಷ್ಟು ಮೆಲ್ಲಗೆ, “ನೂರು ವರ್ಷ ಆದ್ರೂ ಹಂಗೇ ಅದೆ.”

ಎಲೆಕ್ಷನ್ ಬಂತೆಂದರೆ ಮನೆಗೆ ಸೂತಕ. ಲೈಸೆನ್ಸಿನ ಆಯುಧವನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ ಪೆಟ್ಟಿಗೆ ಕೊಟ್ಟು ಬಂದು ಊಟ ಬಿಡುತ್ತಿದ್ದರು. ರಿಸಲ್ಟ್ ಬಂದ ದಿನ ಗೆದ್ದವರು ಯಾರು ಅಂತಲೂ ಕೇಳದೆ ಸ್ಟೇಷನ್ನಿಗೆ ಓಡುತ್ತಿದ್ದರು.

ಸಿದ್ದಗಂಗಮ್ಮನವರು ಅದನ್ನು ಮುಟ್ಟುವ ಹಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ, ಆಯುಧಪೂಜೆಯ ದಿನ ಸ್ಪ್ಯಾನರಿಗೆ, ಸುತ್ತಿಗೆಗೆ ಇಟ್ಟ ಹಾಗೆ ಇದಕ್ಕೂ ಒದ್ದೆ ಬೆರಳಲ್ಲಿ ಕುಂಕುಮ ಇಟ್ಟಿದ್ದರು. ಅಡವಿಯಪ್ಪನವರು ಕೂಗಿದ ಕೂಗಿಗೆ ಎದುರು ಮನೆಯವರು ಆಚೆ ಬಂದು ನಿಂತರು. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಅಂತ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ಹೇಳಲಿಲ್ಲ. ಅಂದಿನಿಂದ ಪ್ರತಿ ವರ್ಷ ಪಿಸ್ತೂಲಿನ ಪಾಲಿನ ಕುಂಕುಮ ಅದರ ಕೆಳಗಿನ ಬಾಳೆ ಎಲೆಗೆ. ಆಕೆಯ ಮನಸ್ಸಿನಲ್ಲಿ ಮಾತ್ರ ಆ ದಿನ ಮುಳ್ಳಿನ ಹಾಗೆ ಉಳಿಯಿತು. ನನ್ನ ಕೈ ಅಷ್ಟು ಕೀಳಾಯಿತೇ ಅಂತ.

ಆಮೇಲೆ ಒಂದು ಬೇಸಿಗೆ ಅಡವಿಯಪ್ಪನವರಿಗೆ ಲಕ್ವ ಹೊಡೆಯಿತು. ಕೂದಲೆಳೆಯಂಥ ತಂತಿ ಸುತ್ತುತ್ತಿದ್ದ ಬಲಗೈ ಮರದ ತುಂಡಾಯಿತು. ನಾಲಿಗೆ ತೊದಲಿತು, ಬೈಗುಳ ಅರ್ಧದಲ್ಲೇ ನಿಂತಿತು. ಅಂಗಡಿ ಮಗ ಗುರುಪ್ರಕಾಶನ ಪಾಲಾಯಿತು. ಉಳಿದದ್ದು ತಿಂಗಳ ಆ ಭಾನುವಾರ ಒಂದೇ. ಗೆಳೆಯರಿಬ್ಬರೂ ತಪ್ಪದೆ ಬಂದು, ಅವರ ಎಡಗೈಗೆ ಲೂಗರ್ ಇಟ್ಟು, ಕೆಳಗೆ ತಮ್ಮ ಕೈ ಆಸರೆ ಕೊಟ್ಟು ಕೂರುತ್ತಿದ್ದರು. ಹಿಂದಿನ ದಿನವೇ ಅಡವಿಯಪ್ಪನವರು ಗಡ್ಡ ಮಾಡಿಸಿಕೊಳ್ಳಲು ಹಟ ಹಿಡಿಯುತ್ತಿದ್ದರು. ಅದನ್ನು ನೋಡಿ ಸಿದ್ದಗಂಗಮ್ಮನವರಿಗೆ ಆ ಪಿಸ್ತೂಲಿನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಇಳಿದುಹೋಯಿತು. ಈ ಮನುಷ್ಯನನ್ನು ಉಳಿಸಿಕೊಂಡಿರುವುದೇ ಅದು ಅನ್ನಿಸಿತು.

ಆ ವರ್ಷ ಆಯುಧಪೂಜೆ ಬಂತು. ಗುರುಪ್ರಕಾಶ ಅಂಗಡಿಗೆ ಬಾಳೆಕಂದು ಕಟ್ಟಲು ಹೋಗಿದ್ದ. ಅಡವಿಯಪ್ಪನವರು ಒಳಕೋಣೆಯಲ್ಲಿ ಮಲಗಿದ್ದರು. ಸಿದ್ದಗಂಗಮ್ಮನವರು ಹಿತ್ತಲಲ್ಲಿ ಕೂತು ದೀಪದ ಕಂಬ, ಆರತಿ ತಟ್ಟೆ ಎಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಮಾಡಿ ಬಿಸಿಲಿಗಿಟ್ಟರು. ಆಗ ಪೆಟ್ಟಿಗೆ ನೆನಪಾಯಿತು. ತೆಗೆದು ನೋಡಿದರೆ ಪಾಪ, ಎಷ್ಟು ಮಂಕಾಗಿದೆ! ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಹಳದಿ ಕಲೆ, ಅಂಚಲ್ಲಿ ಕಂದು. ಅವರ ಕೈ ಬಿದ್ದ ಮೇಲೆ ಇದನ್ನು ಯಾರೂ ವಿಚಾರಿಸಿಕೊಂಡಿಲ್ಲ ಅಂದುಕೊಂಡರು. ಹುಣಸೆಹಣ್ಣು, ಸಬೀನಾ ಪುಡಿ, ಸ್ಟೀಲ್ ನಾರು ತಗೊಂಡು ಕೂತರು. ತೊಟ್ಟಿಲ ಕೂಸಿಗೆ ಎಣ್ಣೆ ಒತ್ತುವಷ್ಟು ಅಕ್ಕರೆಯಿಂದ ಸಂದಿಸಂದಿಯನ್ನೂ ತಿಕ್ಕಿದರು. ತುಕ್ಕು ಹಿಡಿಯದಿರಲೆಂದು ಒರೆಸಿ, ಕೊಬ್ಬರಿ ಎಣ್ಣೆಯನ್ನೂ ಸವರಿದರು. ಪಿಸ್ತೂಲು ಹೊಸ ಸ್ಟೀಲ್ ಲೋಟದ ಹಾಗೆ ಬೆಳ್ಳಗೆ ಹೊಳೆಯಿತು.

ದಾಸವಾಳದ ಜೊತೆ ತಟ್ಟೆಯಲ್ಲಿಟ್ಟು ಗಂಡನ ಮುಂದೆ ಹಿಡಿದರು. “ನೋಡಿ, ನನ್ ಸವತಿನಾ ಹೆಂಗ್ ಸಿಂಗಾರ ಮಾಡಿದೀನಿ.”

ಅಡವಿಯಪ್ಪನವರು ನೋಡಿದರು. ತುಂಬ ಹೊತ್ತು ನೋಡಿದರು. ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಗಂಟಲು ಏನನ್ನೋ ನುಂಗಿಕೊಂಡಿತು. ಆಮೇಲೆ ಎಡಗೈ ಎತ್ತಿ ಹೆಂಡತಿಯ ಕೆನ್ನೆ ಮುಟ್ಟಿ, ಕಷ್ಟಪಟ್ಟು, “ಚೆ... ಚೆನ್ನಾಗಿದೆ” ಅಂದರು.

ಮದುವೆಯಾದ ಮೇಲೆ ಅವರು ಹೆಂಡತಿಯ ಕೆಲಸಕ್ಕೆ ಹಾಗಂದದ್ದು ಅದೇ ಮೊದಲು. ಸಿದ್ದಗಂಗಮ್ಮನವರು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹಳೆಯ ಮುಳ್ಳು ಕಿತ್ತು ಬಂದಿತ್ತು.

ಆ ತಿಂಗಳ ಭಾನುವಾರ ಗೆಳೆಯರು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಅಡವಿಯಪ್ಪನವರು ಗಡ್ಡದ ಹಟ ಬಿಟ್ಟರು. ಪೆಟ್ಟಿಗೆ ತರಲೇ ಅಂದರೆ ತಲೆ ಆಡಿಸಿ ಬೇಡ ಅನ್ನುತ್ತಿದ್ದರು. ಗೇಟಿನ ಸದ್ದಾದರೆ ಮಾತ್ರ ಕಣ್ಣು ಬಾಗಿಲ ಕಡೆ ಹೊರಳಿ, ಮತ್ತೆ ಗೋಡೆಗೆ ತಿರುಗುತ್ತಿತ್ತು. ಸಿದ್ದಗಂಗಮ್ಮನವರ ಹೊಟ್ಟೆ ಉರಿಯಿತು. “ಕೈಕಾಲು ಆಡ್ತಿದ್ದಾಗ ಬಂದು ಬಂದು ತಿಂದ್ರು. ಈಗ ಎಲ್ಲೋದ್ರು ನಿಮ್ ದೋಸ್ತಿಗಳು? ಎಂಥೋರ್ನ ನಂಬಿದ್ರಿ ನೀವು!” ಅಂತ ಗಂಡನನ್ನೇ ಬೈದರು. ಅಡವಿಯಪ್ಪನವರು ಅರ್ಧ ಬಾಯಲ್ಲಿ ನಕ್ಕು ಸುಮ್ಮನಾದರು. ಯುಗಾದಿಗೆ ಮುಂಚೆ, ಹಾಗೆ ಸುಮ್ಮನಿದ್ದೇ ಹೋಗಿಬಿಟ್ಟರು.

ಶಿವಗಣಾರಾಧನೆಯ ದಿನ ಲಕ್ಷ್ಮೀನರಸಿಂಹಯ್ಯನವರೂ ಪರಮಶಿವಯ್ಯನವರೂ ಬಂದು ಜಗುಲಿಯ ತುದಿಯಲ್ಲಿ ಕೂತಿದ್ದರು. ಸಿದ್ದಗಂಗಮ್ಮನವರು ನೆಂಟರೆದುರೇ ಹರಿಹಾಯ್ದರು. “ಈಗ ದಾರಿ ಗೊತ್ತಾಯ್ತಾ? ಸಾಯೋಗಂಟ ಬಾಗ್ಲು ಕಡೆನೇ ನೋಡ್ತಿದ್ರು ಕಣ್ರಿ.” ಆಕೆ ಪೆಟ್ಟಿಗೆ ತಂದು ಕುದುರೆ ಡಾಕ್ಟರ ಮುಂದೆ ಇಟ್ಟರು. “ಲೈಸೆನ್ಸ್ ಕಾಗ್ದ ಏನೈತೋ ಮಾಡ್ಕೊಂಡು ತಗೊಂಡೋಗಿ. ನಿಮ್ಗೆ ಬೇಕಾಗಿದ್ದು ಇದೇ ತಾನೆ? ಕೈಯಾರೆ ತಿಕ್ಕಿ ಮಡಗಿದೀನಿ.”

ಲಕ್ಷ್ಮೀನರಸಿಂಹಯ್ಯನವರು ಬಟ್ಟೆ ಸರಿಸಿದರು. ಕೈ ಅಲ್ಲೇ ನಿಂತಿತು. ಪರಮಶಿವಯ್ಯನವರು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರು. ಡಾಕ್ಟರ ಗಂಟಲು ಏನನ್ನೋ ನುಂಗಿಕೊಂಡಿತು.

“ಚೆನ್ನಾಗಿದೆ ಅಮ್ಮ,” ಅಂದರು.

ಅದೇ ಮಾತು, ಅದೇ ನುಂಗಿಕೊಂಡ ಗಂಟಲು. ಸಿದ್ದಗಂಗಮ್ಮನವರು ಡಾಕ್ಟರ ಎದುರೇ ಬಂದು ಕೂತರು. “ನಿಜ ಹೇಳಿ,” ಅಂದರು. “ಅವ್ರಾಣೆ ನಿಜ ಹೇಳಿ. ನಾನೇನ್ ಮಾಡ್ಬುಟ್ಟೆ?”

ಡಾಕ್ಟರು ಪೆಟ್ಟಿಗೆ ಮುಚ್ಚಿದರು. “ಹಳೇ ಬಣ್ಣ ಹೋಗಿದೆ ಅಮ್ಮ. ನಾವು ಇಷ್ಟ್ ವರ್ಷ ನೋಡೋಕೆ ಬರ್ತಿದ್ದದ್ದು ಆ ಬಣ್ಣನೇ. ಆಯುಧಪೂಜೆ ಮಾರನೇ ದಿನ ಫೋನ್ ಮಾಡಿದ್ರು. ಎರಡು ಮಾತು ಹೇಳೋಕೆ ಎಷ್ಟ್ ಒದ್ದಾಡಿದ್ರೋ. ‘ಬರ್ಬೇಡ್ರಪ್ಪ. ಅವ್ಳು ತಿಕ್‌ಬುಟ್ಟವ್ಳೆ. ನಿಮ್ ಮುಖ ನೋಡುದ್ರೆ ಅವ್ಳಿಗೆ ಗೊತ್ತಾಗೋಯ್ತದೆ’ ಅಂದ್ರು. ನಮ್ಗೆ ಮುಖ ಮುಚ್ಕೊಳೋಕೆ ಬರಲ್ಲ ಅಂತ ಅವ್ರಿಗೆ ಗೊತ್ತಿತ್ತು.”

ಸಿದ್ದಗಂಗಮ್ಮನವರು ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡರು. “ಆ ಬಣ್ಣ ಮತ್ತೆ ಬರ್ಸಕ್ಕಾಗಲ್ವಾ?”

“ಹೊಸದು ಕೊಡಿಸ್ಬೋದು. ಅದು ಬರಲ್ಲ.”

ಸಿದ್ದಗಂಗಮ್ಮನವರು ಹಾರ ಹಾಕಿದ್ದ ಫೋಟೋ ಕಡೆ ನೋಡಿದರು. ಆ ಗೋಡೆ ಕಡೆ ತಿರುಗಿದ ಮುಖ, ಆ ಅರ್ಧ ನಗು, ಮಾಡಿಸಿಕೊಳ್ಳದ ಗಡ್ಡ ಎಲ್ಲ ಒಟ್ಟಿಗೆ ಎದುರು ಬಂದು ನಿಂತವು.

“ಅನ್ನ ಒಂಚೂರು ಮೆತ್ತಗಾದ್ರೆ ಊರಿಗೇ ಕೇಳೋ ಹಂಗೆ ಬೈತಿದ್ರಲ್ಲ,” ಅಂದರು, “ಇದಕ್ಕೊಂದು ಮಾತು ಬೈಬಾರ್ದಾಗಿತ್ತಾ?”