ದನವಿಲ್ಲದ ಮನೆಯ ಗೊಬ್ಬರ ಗುಂಡಿ

ಮೈಸೂರಿನಲ್ಲಿ ಹುಟ್ಟಿ ಬೆಳೆದ ಗಾನವಿಗೆ ಬರೆ ಎಂದರೆ ಗೊತ್ತಿದ್ದದ್ದು ಒಂದೇ ಅರ್ಥ, ಕಾದ ಸೌಟು ತಗುಲಿ ಚರ್ಮದ ಮೇಲೆ ಉಳಿಯುವ ಗುರುತು. ಮದುವೆಯಾಗಿ ಭಾಗಮಂಡಲದಾಚೆಯ ಊರಿಗೆ ಬಂದ ಮೊದಲ ವಾರವೇ ಅತ್ತೆ ಪ್ರೇಮಾವತಿ "ಹಿಂದೆ ಬರೆ ಉಟ್ಟು, ಜೋಪಾನ" ಎಂದಾಗ, ಉಟ್ಟು ಎಂದರೆ ಇದೆ ಎಂದಷ್ಟೇ ಕಲಿತಿದ್ದ ಅವಳು ಗಾಬರಿಯಾಗಿ ತನ್ನ ಬೆನ್ನನ್ನೇ ಸವರಿ ನೋಡಿಕೊಂಡಿದ್ದಳು. ಅಡುಗೆಮನೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇದ್ದವರು ಮಾವ ನಾಣಯ್ಯ ಒಬ್ಬರೇ. ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಮನೆಯ ಹಿಂದೆ ಎರಡಾಳೆತ್ತರಕ್ಕೆ ನಿಂತಿದ್ದ ಕೆಂಪು ಮಣ್ಣಿನ ಗೋಡೆಯನ್ನು ತೋರಿಸಿದರು.

"ಗುಡ್ಡ ಕಡಿದು ಮನೆಗೆ ಜಾಗ ಮಾಡಿದ್ದು ಇಲ್ಲಿ. ಕಡಿದ ಜಾಗ ಹಿಂದೆ ಹೀಗೆ ನಿಂತುಟ್ಟಲ್ಲ, ಅದೇ ಬರೆ. ನಿಮ್ಮ ಮೈಸೂರಿನ ಬರೆಯೂ ಇದೂ ಒಂದೇ ಅಂತ ಇಟ್ಕೊ. ಗಾಯ ಮಾಯ್ದುಟ್ಟು, ಮುಟ್ಟಬಾರದು ಅಷ್ಟೆ."

ಮನೆಯಲ್ಲಿ ಅರೆಭಾಷೆ ಆಡುವ ನಾಣಯ್ಯ ಸೊಸೆಗಾಗಿ ಪೇಟೆ ಕನ್ನಡ ಕಲಿತಿದ್ದರು. ಆದರೆ ಇದೆ ಎನ್ನಲು ಉಟ್ಟು, ಇಲ್ಲ ಎನ್ನಲು ಇಲ್ಲೆ ಎಂಬ ಎರಡು ಮಾತುಗಳು ಮಾತ್ರ ಅವರ ನಾಲಗೆಯನ್ನು ಬಿಟ್ಟು ಕದಲಲಿಲ್ಲ.

ಅವರು ಪಂಚಾಯ್ತಿಯಲ್ಲಿ ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವರು. ಹೆಗಲಿಗೆ ಸ್ಪ್ಯಾನರ್ ಹಾಕಿಕೊಂಡು ಪೈಪಿನ ದಾರಿಯಲ್ಲಿ ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಇಳಿದು, ಯಾರ ಮನೆಯ ಹಿಂದಿನ ಬರೆಯಲ್ಲಿ ಎಲ್ಲಿ ನೀರು ಜಿನುಗುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಎರಡು ಸಾವಿರದ ಹದಿನೆಂಟರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಜಾರಿದ ಮೇಲೆ, ಅನುಮತಿಯಿಲ್ಲದೆ ಬರೆ ಕಡಿಯಬಾರದೆಂದು ಪಂಚಾಯ್ತಿಯ ಗೋಡೆಗೆ ಒಂದು ನೋಟಿಸು ಅಂಟಿಸಿದರು. ಅದನ್ನು ಯಾರು ಓದುತ್ತಾರೆ? ನಾಣಯ್ಯ ಓದಿದರು. ಓದಿ ಸುಮ್ಮನಾಗದೆ ಮನೆಮನೆಗೆ ಹೋಗಿ, ಪ್ರತಿ ಬರೆಯ ಮುಂದೆ ಒಂದು ಕಲ್ಲು ನೆಟ್ಟು, ಅದಕ್ಕೆ ಸುಣ್ಣ ಬಳಿದರು. ಕಲ್ಲಿನಿಂದ ಆಚೆಗೆ ಗುದ್ದಲಿ ಹೋಗಬಾರದು, ಅಷ್ಟೇ ಲೆಕ್ಕ. ಆ ಸುಣ್ಣಕ್ಕೆ ಏನು ಬೆರೆಸುತ್ತಿದ್ದರೋ, ಇಡೀ ಮಳೆಗಾಲ ಸುರಿದರೂ ಕಲ್ಲು ಬೆಳ್ಳಗೇ ಇರುತ್ತಿತ್ತು.

ನಿವೃತ್ತ ನೀರುಗಂಟಿಗೆ ಯಾವ ಅಧಿಕಾರ? ಆದರೂ ಒಬ್ಬರೂ ಕಲ್ಲು ಕೀಳಲಿಲ್ಲ. ಮೇಲಿನ ತಿರುವಿನ ಮುತ್ತ ಹೋಂಸ್ಟೇ ಕಟ್ಟುವಾಗ ಮೂರು ತಿಂಗಳು ಅವರನ್ನು ಬೈದುಕೊಂಡು ಓಡಾಡಿದ. "ನನ್ನ ಜಾಗ, ನನ್ನ ಬರೆ, ಇವರದ್ದೆಂತ ಕಲ್ಲು" ಎಂದ. ಕೊನೆಗೆ ಕಾರು ನಿಲ್ಲಿಸುವ ಜಾಗವನ್ನೇ ಚಿಕ್ಕದು ಮಾಡಿಕೊಂಡ. ಅವನ ಬರೆಯ ನೇರ ಕೆಳಗೆ ಚೋಮಿ ಎಂಬ ಒಂಟಿ ಮುದುಕಿಯ ಮನೆಯಿತ್ತು. ನಾಣಯ್ಯ ಆ ದಾರಿಯಲ್ಲಿ ಹೋದಾಗಲೆಲ್ಲ ಚೋಮಿ ಒಳಗಿನಿಂದಲೇ, "ನಾಣಯ್ಯ, ನಿನ್ನ ಕಲ್ಲು ನಿಂತುಟ್ಟಾ?" ಎಂದು ಕೂಗುವಳು. "ಉಟ್ಟು ಚೋಮಿಯಕ್ಕ, ಮಲಗಿ" ಎಂದು ಇವರು ಹೇಳುವರು.

ಹೀಗಿದ್ದವರನ್ನು ತಾನು ಏನು ಮಾಡಿಬಿಟ್ಟೆ ಎಂಬುದೇ ಈಗ ಗಾನವಿಯ ಎದೆಯೊಳಗಿನ ಮುಳ್ಳು.

ಈ ವರ್ಷದ ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡು ಹಾರತೊಡಗಿತ್ತು. ಟಿ.ವಿ.ಯಲ್ಲಿ ಹಗಲೆಲ್ಲ ಸೈರನ್ನು, ದೀಪ ಆರಿಸುವ ಅಣಕು ಕವಾಯತು. ಎರಡೂ ಕಡೆ ಅಣುಬಾಂಬು ಇದೆ ಎಂದು ಕೆಂಪು ಅಕ್ಷರದಲ್ಲಿ ಬರೆದು ಕುಣಿಸುತ್ತಿದ್ದರು. ಮಗ ಮೋಕ್ಷಿತನಿಗೆ ಆಗ ಒಂದೂವರೆ ವರ್ಷ. ಮೊದಲೇ ಮಗು ಸೀನಿದರೆ ಥರ್ಮಾಮೀಟರ್ ಹುಡುಕುವ ಗಾನವಿ ಫೋನು ಕೆಳಗಿಡದಾದಳು. ಯಾವುದೋ ಪರದೇಶದ ಊರಿನಲ್ಲಿ ಬಾಂಬು ಬಿದ್ದರೆ ಅಡಗಿಕೊಳ್ಳಲು ನೆಲದಡಿ ಕೋಣೆ ಕಟ್ಟಲು ನಿಯಮವೇ ಇದೆಯಂತೆ. ಚಾವಣಿಯ ಮೇಲೆ ಮೂರಡಿ ಮಣ್ಣು, ಒಳಗೆ ಹೋಗುವ ದಾರಿ ನೇರ ಇರದೆ ಮೊಣಕೈಯಂತೆ ತಿರುಗಿರಬೇಕು, ಗಾಳಿಗೆ ಕೊಳವೆ. ಎಲ್ಲವನ್ನೂ ಮಗುವಿನ ಲಸಿಕೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಮಡಿಕೇರಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಮಿಲನ್‌ಗೆ ತೋರಿಸಿದರೆ ಅವನು ನಕ್ಕುಬಿಟ್ಟ. "ಬಾಂಬು ಹಾಕೋನು ಭಾಗಮಂಡಲಕ್ಕೆ ಯಾಕೆ ಬರ್ತಾನೆ ಮಾರಾಯ್ತಿ, ಅವನಿಗೆಂತ ತೀರ್ಥ ಬೇಕಾ?"

ಅವಳಿಗೆ ನಗು ಬರಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಪಂಚಾಯ್ತಿಗೇ ಹೋದಳು. ಅಲ್ಲಿನ ಗುಮಾಸ್ತ ತೀರ್ಥಪ್ರಸಾದ್ ಕಂಪ್ಯೂಟರಿನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಉರುಳಿಸಿದ.

"ವಾಸದ ಮನೆ ಉಟ್ಟು, ಅಂಗಡಿ ಉಟ್ಟು, ಹೋಂಸ್ಟೇ ಉಟ್ಟು. ಶೌಚಾಲಯ, ಹಂದಿಗೂಡು, ಕೊಟ್ಟಿಗೆ, ಗೊಬ್ಬರ ಗುಂಡಿ... ಅಣುಬಾಂಬು ಬಿದ್ರೆ ಅಡಗೋ ಕೋಣೆ ಇಲ್ಲೆ ಅಕ್ಕ."

"ಇಲ್ಲ ಅಂದ್ರೆ ಕಟ್ಟಬಾರದು ಅಂತಾನಾ, ಕಟ್ಟಬಹುದು ಅಂತಾನಾ?"

"ಇಲ್ಲ ಅಂದ್ರೆ ಇಲ್ಲೀವರೆಗೆ ಯಾರೂ ಕೇಳಿಲ್ಲ ಅಂತ."

ಕೋಣೆಗೆ ನಿಯಮವಿಲ್ಲದಿದ್ದರೂ ಬರೆಗಿತ್ತು. ಬರೆ ಕಡಿಯುವುದಾದರೆ ಮಡಿಕೇರಿಯಿಂದ ಬಂದು ನೆಲ ನೋಡಬೇಕು, ತಡೆಗೋಡೆಯ ಮತ್ತು ನೀರು ಹರಿದುಹೋಗುವ ಚರಂಡಿಯ ನಕ್ಷೆ ಕೊಡಬೇಕು, ಮಳೆಗಾಲ ಮುಗಿಯುವ ತನಕ ಕೆಲಸ ಮುಟ್ಟುವಂತಿಲ್ಲ. ಡಿಸೆಂಬರ್ ಅಂತ ಇಟ್ಕೊಳ್ಳಿ ಎಂದ ತೀರ್ಥಪ್ರಸಾದ್.

"ಡಿಸೆಂಬರಾ!"

"ಬಾಂಬಿನವರಿಗೂ ಒಂದು ಮಾತು ಹೇಳಿ ಅಕ್ಕ, ಸ್ವಲ್ಪ ತಡೀಲಿ."

ಅವಳ ಕಣ್ಣು ತುಂಬಿದ್ದನ್ನು ಕಂಡು ಅವನಿಗೆ ಪಾಪ ಅನ್ನಿಸಿರಬೇಕು. ದನಿ ತಗ್ಗಿಸಿ, "ಗೊಬ್ಬರ ಗುಂಡಿ ಅಂತ ಹಾಕಿದ್ರೆ ಯಾರೂ ನೋಡೋಕೆ ಬರಲ್ಲ. ಒಂದು ಅರ್ಜಿ ಸಾಕು. ಆದ್ರೆ ಜಾಗ ಇರೋದು ನಿಮ್ಮ ಮಾವನ ಹೆಸರಲ್ಲಿ. ಅವರ ಸಹಿ ಬೇಕು. ನಾಣಯ್ಯಣ್ಣ ಹಾಕ್ತಾರೆ ಅಂತೀರಾ?" ಎಂದ.

ನಾಣಯ್ಯ ಹಾಕಲಿಲ್ಲ. ಅರ್ಜಿಯನ್ನು ಎರಡು ಸಲ ಓದಿ, ಮಡಚಿ ಮೇಜಿನ ಮೇಲಿಟ್ಟು, ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟರು. "ಮಳೆಗೆ ಇನ್ನು ಹದಿನೈದೇ ದಿನ ಉಟ್ಟು. ಈಗ ಬರೆಗೆ ಕೈ ಹಾಕೋದು ಬೇಡ ಮಗ" ಎಂದರು. ಅವಳು ಮೊಬೈಲು ತೋರಿಸಿದಳು, ಲಸಿಕೆ ಪುಸ್ತಕ ತೋರಿಸಿದಳು. ಅವರು ಎಲ್ಲವನ್ನೂ ಗಮನವಿಟ್ಟು ನೋಡಿ, ಬೇಡ ಎಂದರು. ಮೂರನೆಯ ಸಲ ಬೇಡ ಎಂದಾಗ ಗಾನವಿಯ ಬಾಯಿಂದ ಆ ಮಾತು ಹೊರಬಿತ್ತು.

"ನಿಮಗೆ ಊರವರ ಬರೆ ಮುಖ್ಯ ಮಾವ. ಮೊಮ್ಮಗ ಅಲ್ಲ."

ಪ್ರೇಮಾವತಿಯ ಕೈಯಲ್ಲಿದ್ದ ಕಡುಬಿನ ತಟ್ಟೆ ಅಲ್ಲಿಯೇ ನಿಂತಿತು. ನಾಣಯ್ಯ ಊಟವನ್ನು ಪೂರ್ತಿ ಮಾಡಿ, ಕೈ ತೊಳೆದು, ಕನ್ನಡಕದ ಡಬ್ಬಿ ಎತ್ತಿ ಸಹಿ ಹಾಕಿದರು. ಬೆಳಿಗ್ಗೆ ಅವಳು ಎದ್ದು ಬರುವಷ್ಟರಲ್ಲಿ ಹಿತ್ತಲಿನ ಸುಣ್ಣದ ಕಲ್ಲು ಕಿತ್ತು ಪಕ್ಕಕ್ಕೆ ಬಿದ್ದಿತ್ತು. ಅದು ಅವರು ನೆಟ್ಟ ಮೊದಲ ಕಲ್ಲು.

ಕೆಲಸಕ್ಕೆ ಬಂದವನು ಕುಶಾಲನಗರದ ಕಡೆಯ ಸಿದ್ದಣ್ಣ. ದಾರಿ ಯಾಕೆ ಸೊಟ್ಟ ತೋಡುವುದೆಂದು ಅವನಿಗೆ ತಿಳಿಯಲಿಲ್ಲ. ವಿಕಿರಣ ನೇರಕ್ಕೆ ಬರುತ್ತದೆ, ತಿರುವಿನಲ್ಲಿ ತಿರುಗುವುದಿಲ್ಲ ಎಂದು ಗಾನವಿ ವಿವರಿಸಿದಳು.

"ಹಂಗಾದ್ರೆ ಈ ಊರಿಗೆ ಅದು ಬರಂಗೇ ಇಲ್ಲ ಬಿಡಿ ಅಮ್ಮ. ಮಡಿಕೇರಿಯಿಂದ ಇಲ್ಲೀಗಂಟ ಒಂದು ಫರ್ಲಾಂಗ್ ರೋಡಾದ್ರೂ ನೆಟ್ಟಗೈತಾ? ಬಸ್ಸಲ್ಲಿ ಬಂದ್ರೆ ಅದೂ ವಾಂತಿ ಮಾಡ್ಕೊಂಡು ವಾಪಸ್ ಹೋಗ್ತದೆ!"

ಆವತ್ತು ನಾಣಯ್ಯನೂ ನಕ್ಕರು. ಅವರು ನಕ್ಕದ್ದನ್ನು ಗಾನವಿ ನೋಡಿದ್ದು ಅದೇ ಕೊನೆ ಇರಬೇಕು.

ನಾಲ್ಕು ದಿನಕ್ಕೆ ಗಡಿ ತಣ್ಣಗಾಯಿತು. ಟಿ.ವಿ.ಯವರು ಸೈರನ್ ಬಿಟ್ಟು ಕ್ರಿಕೆಟ್ಟಿಗೆ ಮರಳಿದರು. ಗುಂಡಿ ಆಗಿನ್ನೂ ಸೊಂಟದಾಳ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. "ಸಾಕಾ ಮಗ?" ಎಂದು ಮಾವ ಒಂದು ಮಾತು ಕೇಳಿದ್ದರು. "ಇವತ್ತು ನಿಂತಿದ್ದು ನಾಳೆ ಶುರುವಾಗಲ್ಲ ಅಂತ ಏನು ಗ್ಯಾರಂಟಿ ಮಾವ?" ಎಂದಿದ್ದಳು ಇವಳು. ಗುದ್ದಲಿ ಮತ್ತೆ ಎದ್ದಿತು, ಬರೆಯ ಬುಡದೊಳಕ್ಕೆ ಎಂಟಡಿ ಹೋಯಿತು.

ಮೇ ಕೊನೆಯಲ್ಲೇ ಮಳೆ ಬಂತು. ಎರಡನೆಯ ದಿನ ಮಧ್ಯಾಹ್ನ, ಮಗುವಿಗೆ ಅನ್ನ ಕಲಸುತ್ತಿದ್ದಾಗ, ಹಿತ್ತಲಿನಲ್ಲಿ ಯಾರೋ ದೊಡ್ಡ ಚೀಲ ಕೆಡವಿದಂತೆ ಸದ್ದಾಯಿತು. ಬಾಗಿಲು ತೆಗೆದರೆ ಕೆಸರು ಹೊಸ್ತಿಲು ದಾಟಿ ಬಂತು. ಬರೆ ಕುಸಿದು ಆ ಕೋಣೆಯನ್ನು ಇಡಿಯಾಗಿ ನುಂಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸೈರನ್ನು ಕೂಗಿದ್ದರೆ ಅವಳು ಮಗುವನ್ನು ಒಯ್ದು ಕೂರಿಸುತ್ತಿದ್ದ ಜಾಗ ಅದು. ಗಾನವಿ ಮೋಕ್ಷಿತನನ್ನು ಎದೆಗವುಚಿಕೊಂಡು ನಿಂತೇ ಇದ್ದಳು. ಅವನು ಅನ್ನ ಕೇಳಿ ಅಳುತ್ತಿದ್ದುದು ಅವಳಿಗೆ ಕೇಳಿಸಲೇ ಇಲ್ಲ.

ಸುದ್ದಿ ಊರು ಸುತ್ತಿತು. ಬರೆ ಕುಸಿಯುವುದೇನೂ ಅಲ್ಲಿ ಹೊಸದಲ್ಲ. ಹೊಸದಾಗಿದ್ದದ್ದು ಪಂಚಾಯ್ತಿಯ ಪುಸ್ತಕದಲ್ಲಿದ್ದ ಆ ಒಂದು ಮಾತು. ನಾಣಯ್ಯನ ಮನೆಯಲ್ಲಿ ದನ ಕಟ್ಟದೆ ಹನ್ನೆರಡು ವರ್ಷವಾಗಿತ್ತು, ಹಾಲು ಪ್ಯಾಕೆಟ್ಟಿನದು. ಗೊಬ್ಬರ ಗುಂಡಿ ಯಾರಿಗೆ? ಸುಳ್ಳು ಹೇಳುವಾಗಲೂ ತಿಳಿದವರಾರಾದರೂ ಕೊಟ್ಟಿಗೆಯನ್ನು ನೋಡಿಕೊಂಡು ಹೇಳುತ್ತಿದ್ದರು. ಪೇಟೆಯಲ್ಲಿ ಓದಿದ ಗಾನವಿಗೆ ಅದು ಹೊಳೆದಿರಲಿಲ್ಲ, ನಾಣಯ್ಯನಿಗೆ ಹೊಳೆಯದೆ ಇರಲಿಲ್ಲ.

ಜೂನ್ ಮೊದಲ ವಾರ ಮಳೆ ಬಿಡುವು ಕೊಟ್ಟಾಗ ಮುತ್ತನ ಹೋಂಸ್ಟೇಯಲ್ಲಿ ಜೆ.ಸಿ.ಬಿ. ಸದ್ದು ಕೇಳಿತು. ನಾಣಯ್ಯ ಛತ್ರಿ ಹಿಡಿದು ಹೊರಟರು. ಮಗುವನ್ನು ಎತ್ತಿಕೊಂಡು ಗಾನವಿಯೂ ಹಿಂದೆ ಹೋದಳು.

ಸುಣ್ಣದ ಕಲ್ಲು ಯಂತ್ರದ ಬಾಯಲ್ಲಿ ಬಿದ್ದುಕೊಂಡಿತ್ತು. "ಮುತ್ತ, ಕೆಳಗೆ ಚೋಮಿಯಕ್ಕನ ಮನೆ ಉಟ್ಟು" ಎಂದರು ನಾಣಯ್ಯ.

ಮುತ್ತ ಬಹಳ ಮರ್ಯಾದೆಯಿಂದ ಕುರ್ಚಿ ತರಿಸಿದ. "ಕೂತ್ಕೊಳ್ಳಿ ನಾಣಯ್ಯಣ್ಣ. ಕಾಫಿ ಕುಡೀರಿ. ನಾನು ಪರ್ಮಿಷನ್ ತಗೊಂಡೇ ಮಾಡಿಸ್ತಾ ಇರೋದು."

"ಎಂತದ್ದಕ್ಕೆ ಪರ್ಮಿಷನ್?"

"ಗೊಬ್ಬರ ಗುಂಡಿಗೆ."

ಯಂತ್ರದ ಡ್ರೈವರ್ ಮುಖ ತಿರುಗಿಸಿ ನಕ್ಕ. ಮುತ್ತ ಮಾತ್ರ ನಗದೆ, "ನನ್ನ ಹತ್ರ ದನ ಇಲ್ಲೆ, ನಿಜ. ನಿಮ್ಮಲ್ಲಿ ಎಷ್ಟುಟ್ಟು ನಾಣಯ್ಯಣ್ಣ?" ಎಂದು ಕೇಳಿದ.

ಗಾನವಿ ಬಾಯಿ ತೆರೆದಳು. ತಪ್ಪು ನಂದು, ಅವರದಲ್ಲ, ಹಟ ಹಿಡಿದದ್ದು ನಾನು ಎಂದು ಹೇಳಬೇಕೆಂದಿದ್ದಳು. ಮಾವ ಅವಳ ಕಡೆ ನೋಡದೆಯೇ ಕೈ ಅಡ್ಡ ಹಿಡಿದರು. ಕುರ್ಚಿಯಲ್ಲಿ ಕೂರದೆ, ಕಾಫಿ ಕುಡಿಯದೆ ಹಿಂದಿರುಗಿದರು. ಚೋಮಿಯ ಮನೆಯ ಮುಂದೆ ಬಂದಾಗ ಒಳಗಿನಿಂದ ಎಂದಿನ ಕೂಗು ಬಂತು.

"ನಾಣಯ್ಯ, ನಿನ್ನ ಕಲ್ಲು ನಿಂತುಟ್ಟಾ?"

ಅವರು ಅವಳ ಬಾಗಿಲ ತನಕ ಹೋದರು. "ಇಲ್ಲೆ ಚೋಮಿಯಕ್ಕ" ಎಂದರು. "ನೀವು ಮಗಳ ಮನೆಗೆ ಹೋಗಿ."

ಚೋಮಿ ಹೋದಳು, ಹೋದದ್ದರಿಂದ ಬದುಕಿದಳು. ಜುಲೈಯಲ್ಲಿ ಮುತ್ತನ ಬರೆ ಇಳಿದು ಅವಳ ಅಡುಗೆಮನೆ, ಕೋಳಿಗೂಡು, ಗಂಡ ಇದ್ದಾಗ ನೆಟ್ಟಿದ್ದ ಕಿತ್ತಳೆ ಗಿಡ ಎಲ್ಲವೂ ಮಣ್ಣಿನಡಿಗೆ ಹೋದವು. ಈಗ ಅವಳು ಮಗಳ ಮನೆಯ ಹಜಾರದಲ್ಲಿ ಮಂಚ ಹಾಕಿಕೊಂಡಿದ್ದಾಳೆ. ತನ್ನ ಊರಿನ ಬಸ್ಸಿಗೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಬಂದವರನ್ನೆಲ್ಲ ಕೇಳುತ್ತಾಳಂತೆ.

ನಾಣಯ್ಯ ಸುಣ್ಣದ ಡಬ್ಬಿಯನ್ನು ಅಟ್ಟಕ್ಕೇರಿಸಿದರು. ಬೆಳಗಿನ ತಿರುಗಾಟ ನಿಂತಿತು. ಕುಸಿದ ಬರೆಗೆ ಮಣ್ಣು ಹಿಡಿಯುವ ಲಾವಂಚದ ಬುಡಗಳನ್ನು ಒಂದೊಂದಾಗಿ ನೆಡುತ್ತ ಹಿತ್ತಲಿನಲ್ಲೇ ಇರುತ್ತಾರೆ. ಗಾನವಿಯ ಮೇಲೆ ಸಿಟ್ಟಿಲ್ಲ, ಅದೇ ಅವಳಿಗೆ ಸಹಿಸಲಾಗದ್ದು. ಮೊದಲಿನಂತೆಯೇ ಮಗ ಅನ್ನುತ್ತಾರೆ, ಮೋಕ್ಷಿತನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ. ಒಂದು ಸಲ ಬೈದಿದ್ದರೆ ಸಾಕಿತ್ತು.

ಅವಳು ಪಂಚಾಯ್ತಿಗೆ ಹೋಗಿ ಪುಸ್ತಕದಲ್ಲಿ ತಿದ್ದಿಸಲು ನೋಡಿದಳು. "ಏನಂತ ಬರೀಲಿ ಅಕ್ಕ?" ಎಂದು ತೀರ್ಥಪ್ರಸಾದ್ ಕೇಳಿದ. "ಬರೆ ಕಡಿದದ್ದು ಅಂತ ಬರಿ. ಸೊಸೆಯ ಹಟಕ್ಕೆ ಅಂತ ಬರಿ." ಅಂಥದ್ದಕ್ಕೆ ಅಲ್ಲಿ ಜಾಗವಿರಲಿಲ್ಲ. ಒಮ್ಮೆ ಮುಚ್ಚಿದ ಅರ್ಜಿ ಮತ್ತೆ ತೆರೆಯುವುದಿಲ್ಲವಂತೆ.

ಹೋದ ವಾರ, ಮಳೆ ಇನ್ನೂ ಪೂರ್ತಿ ಹೋಗದಿರುವಾಗ, ತೊರೆ ಹರಿಯುವ ಕೊಲ್ಲಿಯ ಬದಿಯಲ್ಲಿರುವ ಮುದ್ದಿ ತನ್ನ ಮನೆ ಹಿಂದೆ ಶೆಡ್ಡಿಗೆಂದು ಮಣ್ಣು ಕೆರೆಯಲು ಹೊರಟಿದ್ದಾಳೆಂದು ತಿಳಿದು ಗಾನವಿ ತಾನೇ ಓಡಿಹೋದಳು. ಬೇಡ ಮುದ್ದಿಯಕ್ಕ ಎಂದು ಬೇಡಿಕೊಂಡಳು.

"ನಿಂಗೆ ಬರೆ ಅಂದ್ರೆ ಎಂತ ಗೊತ್ತುಟ್ಟು ಮಾರಾಯ್ತಿ?" ಎಂದಳು ಮುದ್ದಿ. ಆಮೇಲೆ ಸ್ವಲ್ಪ ಮೆತ್ತಗಾಗಿ, "ನಾಣಯ್ಯಣ್ಣ ಬಂದು ಹೇಳ್ಲಿ. ಅವ್ರು ಹೇಳಿದ್ರೆ ನಿಲ್ಲಿಸ್ತೇನೆ" ಎಂದಳು.

ಗಾನವಿ ಒಂದೇ ಉಸಿರಿಗೆ ಮನೆಗೆ ಬಂದಳು. "ಮಾವ, ನಿಮ್ಮ ಮಾತು ಇನ್ನೂ ಕೇಳ್ತಾರೆ! ಬನ್ನಿ" ಎಂದಳು. ನಾಣಯ್ಯ ಲಾವಂಚದ ಬುಡಕ್ಕೆ ಮಣ್ಣು ಒತ್ತುತ್ತ ತಲೆಯೆತ್ತಲಿಲ್ಲ.

"ಅವಳು ಕರೆದದ್ದು ಆ ನಾಣಯ್ಯನ. ಅಂವ ಈಗ ಇಲ್ಲೆ ಮಗ."

ಅವಳೇ ಅಟ್ಟ ಹತ್ತಿ ಡಬ್ಬಿ ಇಳಿಸಿದಳು. ಸುಣ್ಣ ಕಲಸಿಕೊಂಡು ಹೋಗಿ, ಮುದ್ದಿಯ ಹಿತ್ತಲಿನಲ್ಲಿ ಈ ವರ್ಷ ಸುಣ್ಣ ಕಾಣದೆ ಮಾಸಿಹೋಗಿದ್ದ ಕಲ್ಲಿಗೆ ಬಳಿದಳು. ಮುದ್ದಿ ಬೇಡವೆನ್ನಲಿಲ್ಲ, ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು ಅಷ್ಟೆ. ಸಂಜೆ ಒಂದು ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಕಲ್ಲು ಮತ್ತೆ ಕಲ್ಲಿನ ಬಣ್ಣದ್ದೇ ಆಗಿತ್ತು, ಸುಣ್ಣವೆಲ್ಲ ಹರಿದು ಕೊಲ್ಲಿಗೆ ಹೋಗಿತ್ತು. ಅದಕ್ಕೆ ಏನು ಬೆರೆಸುತ್ತಿದ್ದಿರಿ ಎಂದು ಮಾವನನ್ನು ಕೇಳಬೇಕು. ದಿನಾ ಹಿತ್ತಲಿನ ಬಾಗಿಲವರೆಗೆ ಹೋಗುತ್ತಾಳೆ, ಬಗ್ಗಿದ ಆ ಬೆನ್ನನ್ನು ನೋಡುತ್ತಾಳೆ, ಕೇಳದೆ ಒಳಗೆ ಬರುತ್ತಾಳೆ.