ಗೋಂದಜ್ಜನ ಆಸ್ಪತ್ರೆ

ನಮ್ಮ ಮಕ್ಕಳ ಲೈಬ್ರರಿಯಲ್ಲಿ ಹರಿದ ಚಿತ್ರಪುಸ್ತಕಗಳನ್ನು ಅಂಟಿಸುವ ಗೋಂದಜ್ಜ ತಮ್ಮನ್ನು ಡಾಕ್ಟರೆಂದೇ ತಿಳಿದಿದ್ದಾರೆ. ಪುಸ್ತಕದ ಮೂಲೆ ನೆನೆದು ಮೆತ್ತಗಾಗಿದ್ದರೆ "ಹಲ್ಲು ಬರ್ತಿರೋ ಗಿರಾಕಿ" ಎನ್ನುತ್ತಾರೆ. ಆನೆಯ ಸೊಂಡಿಲು ಎರಡು ತುಂಡಾಗಿದ್ದರೆ "ಅಣ್ಣ ತಂಗಿ ಜಗ್ಗಾಡಿದಾರೆ" ಎಂದು ಹಿಗ್ಗುತ್ತಾರೆ. ಒಂದು ಕಲೆಯೂ ಇಲ್ಲದೆ ಬಂದ ಪುಸ್ತಕ ಕಂಡರೆ ಮಾತ್ರ ಮುಖ ಗಂಟಿಕ್ಕುತ್ತಾರೆ: "ಪಾಪ, ಇದನ್ನ ಯಾರೂ ಮುಟ್ಟೇ ಇಲ್ಲ ಕಣಮ್ಮ." ಒಮ್ಮೆ ಪುಟ್ಟ ಹುಡುಗಿಯೊಬ್ಬಳು ಹೆದರಿಕೆಯಿಂದ ಹುಲಿಯ ಪುಟವನ್ನೇ ಕಿತ್ತು ತಂದಳು. ಅಜ್ಜ ಪುಟವನ್ನು ಸೇರಿಸಿ, ಹುಲಿಯ ಮೇಲೆ ಕಾಗದದ ಬಾಗಿಲೊಂದನ್ನು ಅಂಟಿಸಿ, "ತೆಗಿಯೋದು ಮುಚ್ಚೋದು ಇನ್ನು ನಿನ್ ಕೈಲಿದೆ, ಪುಟ್ಟಿ" ಎಂದರು. ಅವಳು ಈಗಲೂ ಆ ಪುಸ್ತಕವನ್ನು ತಿಂಗಳಿಗೊಮ್ಮೆ ರಿಪೇರಿಗೆ ತರುತ್ತಾಳೆ. ಹುಲಿ ಕ್ಷೇಮವಾಗಿರುತ್ತದೆ, ತೆಗೆದು ತೆಗೆದು ಬಾಗಿಲೇ ಕಿತ್ತುಬಂದಿರುತ್ತದೆ.