ಸ್ಪೀಕರ್ ಬಂದ್ ಮಾಡಿದ ಸಂಜೆ

ಫ್ರಾನ್ಸಿನ ಒಬ್ಬ ಸಿನಿಮಾ ಮೇಷ್ಟ್ರು ಮುಷ್ಕರಗಳ ಮೇಲೆ ಚಿತ್ರ ತೆಗೆದರೆಂದು ಅವರ ಸರ್ಕಾರ ಚಿತ್ರವನ್ನೇ ತಡೆಹಿಡಿಯಿತು. ವಿದ್ಯಾರ್ಥಿಗಳನ್ನು ಕಾರ್ಖಾನೆಯ ಗೇಟಿಗೆ ಕರೆದೊಯ್ದರೆಂದು ವಿಶ್ವವಿದ್ಯಾಲಯ ಪಾಠ ಮಾಡುವ ಕೆಲಸವನ್ನೇ ಕಿತ್ತುಕೊಂಡಿತು. ಸಿನಿಮಾ ಪಾಠ ಕ್ಲಾಸಿನೊಳಗೇ ಆಗಬೇಕಂತೆ. ಎಂಬತ್ತರ ದಶಕದ ಶುರುವಿನಲ್ಲಿ, ಯಶವಂತಪುರದ ನಮ್ಮ ಕಾರ್ಖಾನೆಯಲ್ಲಿ ನಾವು ಮುಷ್ಕರ ಹೂಡಿದ್ದಾಗ, ಅವರು ರೀಲು ಡಬ್ಬಿಗಳನ್ನು ಹೊತ್ತು ಗೇಟಿನೆದುರಿನ ನಮ್ಮ ಚಪ್ಪರಕ್ಕೇ ಬಂದರು.

ಪಂಚೆಯನ್ನೇ ಪರದೆ ಮಾಡಿದೆವು. ಅವರ ಇಂಗ್ಲಿಷ್ ವಿವರಣೆಯನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದರು.

"ಸ್ಪೀಕರಿಗೆ ಪರ್ಮಿಷನ್ ಇಲ್ಲ. ಬಂದ್ ಮಾಡ್ರಿ."

ಮಾಡಿದೆವು. ಪರದೆಯ ಮೇಲೆ ಫ್ರಾನ್ಸಿನ ಕಾರ್ಮಿಕರು ಮುಷ್ಟಿಯೆತ್ತಿ ಬಾಯಿ ತೆರೆದರು, ಸದ್ದೇ ಇಲ್ಲ. ಹಿಂದಿನಿಂದ ಯಾರೋ ನಮ್ಮ ಘೋಷಣೆ ಕೂಗಿದರು. ಇಡೀ ಚಪ್ಪರ ದನಿಗೂಡಿಸಿತು. ಆಮೇಲೆ ಪರದೆಯವರು ಬಾಯಿ ತೆರೆದಾಗಲೆಲ್ಲ ನಾವು ಕೂಗಿದೆವು. ಗೇಟಿನ ಒಳಗಿದ್ದ ಮ್ಯಾನೇಜರು ಕಿಟಕಿ ಮುಚ್ಚಿಸಿದರು.

"ಬಂದ್ ಮಾಡಿ ಅಂದಿದ್ನಲ್ರೀ," ಎಂದರು ಇನ್ಸ್‌ಪೆಕ್ಟರ್.

"ಸ್ಪೀಕರ್ ಬಂದ್ ಆಗಿದೆ ಸಾರ್," ಎಂದೆ. "ಇದು ನಮ್ಮ ಗಂಟಲು."

ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡರು. "ಆಯ್ತು, ಸ್ಪೀಕರೇ ಹಾಕ್ಕೊಳ್ರಿ. ಇದಕ್ಕಿಂತ ಅದೇ ವಾಸಿ."

ಏನಂದರು ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಹೇಳಿದೆ. ಅವರು ಎದ್ದುಹೋಗಿ, ಸ್ಪೀಕರಿನ ವೈರು ಕಿತ್ತು ಸುತ್ತಿ, ಜೇಬಿಗೆ ಹಾಕಿಕೊಂಡರು.